ಓಗೊಡದ ದೇವರು, ಉತ್ತರ ಕೊಡುವ ಸಂಪಾದಕರು

ಬಸವಣ್ಣನವರದೊಂದು ಪುಟ್ಟ ವಚನ. ಅದರಲ್ಲಿ ಭಕ್ತ ದೇವರನ್ನು ಕರೆಯುತ್ತಾನೆ, ಮತ್ತೆ ಕರೆಯುತ್ತಾನೆ, ಕೊನೆಗೆ ಒರಲುತ್ತಾನೆ. ಆ ಕಡೆಯಿಂದ ಓಗೊಡುವವರಿಲ್ಲ. ಯಾಕೆ ಸುಮ್ಮನಿದ್ದೀ ಎಂದು ಕೇಳುವಲ್ಲಿಗೇ ವಚನ ಮುಗಿದುಹೋಗುತ್ತದೆ. ಕೂಡಲಸಂಗಮದೇವನ ಹೆಸರು ಬರುತ್ತದೆ, ಉತ್ತರ ಬರುವುದಿಲ್ಲ. ಬೇರೆ ವಚನಗಳಲ್ಲಿ ಅಂಕಿತವೆಂದರೆ ಸಾಕ್ಷಿಯ ಹೆಸರು. ಇಲ್ಲಿ ಅದು ಆರೋಪಿಯ ಹೆಸರು.

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕೃಷ್ಣೆಯ ದಂಡೆಗೆ, ಅತ್ತ ಸಿಂದಗಿ, ಇಂಡಿಗಳ ಭೀಮೆಯ ದಂಡೆಗೆ ಹರಡಿಕೊಂಡ ಅನುಭಾವದ ಪರಂಪರೆಯನ್ನು ಈ ವಚನದಿಂದಲೇ ಅಳೆಯಬೇಕೆಂದು ನನಗೆ ಅನಿಸುತ್ತದೆ. ಎಂಟು ನೂರು ವರ್ಷಗಳಿಂದ ಈ ಸೀಮೆ ದೇವರ ಜೊತೆ ಜಗಳವಾಡುತ್ತ ಬಂದಿದೆ. ಜಗಳವಾಡಿದವರು ನಾಸ್ತಿಕರಾಗಲಿಲ್ಲ, ಜಗಳವೇ ಅವರ ಭಕ್ತಿಯಾಯಿತು. ಪರಂಪರೆಯ ದೊಡ್ಡತನ ಅದು. ಅದರ ದೌರ್ಬಲ್ಯ ಇರುವುದು ಹಾಡಿದವರಲ್ಲಿ ಅಲ್ಲ, ಕಾಪಿಟ್ಟವರಲ್ಲಿ. ದೇವರು ಸುಮ್ಮನಿದ್ದ ಕಡೆಯಲ್ಲೆಲ್ಲ ಅವನ ಪರವಾಗಿ ಇವರು ಮಾತಾಡಿಬಿಟ್ಟಿದ್ದಾರೆ.

ಮೊದಲು ವಚನಗಳ ಜೋಡಣೆಯನ್ನೇ ನೋಡೋಣ. ಬಸವಣ್ಣನವರ ವಚನಗಳು ನಮ್ಮ ಕೈಗೆ ಬಂದಿರುವುದು ಷಟ್‌ಸ್ಥಲದ ಕ್ರಮದಲ್ಲಿ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಮನಸ್ಸಿನ ಚಂಚಲತೆ, ಸಂಸಾರದ ಸಂಕಟ, ದೇವರು ಕೈಬಿಟ್ಟನೇನೋ ಎಂಬ ಭಯ ಇಂಥವೆಲ್ಲ ಬಹುಮಟ್ಟಿಗೆ ಭಕ್ತಸ್ಥಲದಲ್ಲಿ, ಅಂದರೆ ಕೆಳಗಿನ ಮೆಟ್ಟಿಲಲ್ಲಿ ಸೇರಿವೆ. ಓದುಗ ಅವನ್ನು ದಾಟಿಹೋಗಬೇಕಾದ ಹಂತವೆಂದೇ ಓದುತ್ತಾನೆ. ಬಸವಣ್ಣನವರು ಯಾವ ವಚನವನ್ನು ಯಾವ ವಯಸ್ಸಿನಲ್ಲಿ, ಯಾವ ಹೊತ್ತಿನಲ್ಲಿ ಹೇಳಿದರೆಂಬುದಕ್ಕೆ ಈ ಜೋಡಣೆ ದಾಖಲೆಯಲ್ಲ. ಆ ಒರಲಿಕೆ ಹದಿಹರೆಯದ ಸಂಗಮದ ವಿದ್ಯಾರ್ಥಿಯದೋ, 1167ರ ಹೊತ್ತಿನ ಕಲ್ಯಾಣದ ರಕ್ತಪಾತ ಕಂಡ ಹಣ್ಣುಜೀವದ್ದೋ ಹೇಳಬಲ್ಲವರಾರು? ಎರಡನೆಯದಾಗಿದ್ದರೆ ಮೆಟ್ಟಿಲುಗಳ ಲೆಕ್ಕವೇ ತಲೆಕೆಳಗಾಗುತ್ತದೆ. ಇನ್ನೊಂದು ಮಾತು. ಆರು ಸ್ಥಲಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಭಕ್ತಸ್ಥಲವೇ. ಐಕ್ಯದ ಪಾಲು ಅದರ ಮುಂದೆ ತೀರಾ ಚಿಕ್ಕದು. ದಾಟಿಹೋಗಲೆಂದೇ ಇರುವ ಮೆಟ್ಟಿಲಿನ ಮೇಲೆ ಒಬ್ಬ ಮನುಷ್ಯ ಅಷ್ಟು ಹೊತ್ತು ಯಾಕೆ ನಿಲ್ಲುತ್ತಾನೆ?

ಹದಿನೈದನೆಯ ಶತಮಾನದಲ್ಲಿ ಶುರುವಾದ ಶೂನ್ಯಸಂಪಾದನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲುಗೊಂಡು ಗೂಳೂರು ಸಿದ್ಧವೀರಣ್ಣನವರೆಗೆ ನಾಲ್ವರು ಸಂಪಾದಕರು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದವಾಗಿ ಹೆಣೆದರು. ಕನ್ನಡದಲ್ಲಿ ಅಂಥ ನಾಟಕೀಯ ಪ್ರತಿಭೆ ಅಪರೂಪ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂವಾದದ ನಿಯಮವೊಂದಿದೆ: ಒಬ್ಬರು ಕೇಳಿದರೆ ಇನ್ನೊಬ್ಬರು ಹೇಳಲೇಬೇಕು. ಒಂಟಿಯಾಗಿ ಕತ್ತಲಿಗೆ ಎಸೆದ ಪ್ರಶ್ನೆಗೆ ಅಲ್ಲಿ ಅಲ್ಲಮ ಎದುರು ಕೂತು ಉತ್ತರಿಸುತ್ತಾನೆ. ಉತ್ತರ ಬಯಲಿನದೇ ಆದರೂ ಉತ್ತರ ಉತ್ತರವೇ. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ತಂದ ವಿಜಯಪುರದ ಫ.ಗು. ಹಳಕಟ್ಟಿಯವರು ಶಾಸ್ತ್ರದ ಚೌಕಟ್ಟಿನಲ್ಲೇ ವಚನಗಳನ್ನು ವಿಷಯವಾರು ವಿಂಗಡಿಸಿದರು. ಓಲೆಗರಿಯಿಂದ ಅಚ್ಚಿಗೆ ತಂದ ಆ ವಕೀಲರ ಋಣ ತೀರುವಂಥದಲ್ಲ. ಆದರೂ ಅವರ ಹೊತ್ತಿಗೆ ವಚನ ಧರ್ಮಗ್ರಂಥದ ಸ್ಥಾನಕ್ಕೆ ನಡೆಯತೊಡಗಿತ್ತು, ಧರ್ಮಗ್ರಂಥಕ್ಕೆ ಗೋಳು ಒಪ್ಪುವುದಿಲ್ಲ.

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಬರೋಣ; ನನ್ನ ವಾದದ ನಡುಮನೆ ಅದು. ಕಲ್ಯಾಣ ಒಡೆದ ಮೇಲೆ ಸಂಗಮದಲ್ಲಿದ್ದ ಬಸವಣ್ಣನವರು ಮಡದಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳಿಸಿದರು. ತಂಗಡಗಿಯವರೆಗೆ ಬಂದ ನೀಲಮ್ಮ ಹೊಳೆ ದಾಟಲಿಲ್ಲ, ಅಲ್ಲಿರುವ ಸಂಗಯ್ಯ ಇಲ್ಲಿ ಇಲ್ಲವೇ ಎಂದು ಕೇಳಿ ಈಚೆ ದಂಡೆಯಲ್ಲೇ ಐಕ್ಯಳಾದಳು ಎಂಬುದು ಆ ಭಾಗದ ಐತಿಹ್ಯ. ಈ ಮಾತನ್ನು ಪ್ರವಚನಕಾರರು ದೇವರು ಎಲ್ಲೆಲ್ಲೂ ಇದ್ದಾನೆಂಬ ಪಾಠಕ್ಕೆ ಬಳಸುತ್ತಾರೆ. ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ನನಗೆ ಅದರಲ್ಲಿ ಕೇಳಿಸುವುದು ಬೇರೆ. ಬಾಳಿನುದ್ದಕ್ಕೂ ಕರೆದಲ್ಲಿಗೆ ಹೋದ ಹೆಣ್ಣುಮಗಳು ಕೊನೆಯ ಕರೆಗೆ ಹೋಗುವುದಿಲ್ಲ. ಗಂಡನೂ ಗುರುವೂ ಆಗಿದ್ದವನ ಕರೆ ಅದು. ಅವಳ ಪ್ರಶ್ನೆಯಲ್ಲಿ ತತ್ವ ಎಷ್ಟಿದೆಯೋ ಅಷ್ಟೇ ದಣಿವೂ ಇದೆ, ಸ್ವಲ್ಪ ಸಿಟ್ಟೂ ಇದೆ.

ಐತಿಹ್ಯವನ್ನು ಬದಿಗಿಟ್ಟು ಅವಳ ಹೆಸರಿನಲ್ಲಿ ಉಳಿದ ನೂರಕ್ಕೂ ಹೆಚ್ಚು ವಚನಗಳನ್ನು ಓದಿದರೆ ಈ ಅನುಮಾನ ಬಲವಾಗುತ್ತದೆ. ಸಂಗಯ್ಯ ಎಂಬ ಅಂಕಿತದ ಆ ವಚನಗಳಲ್ಲಿ ಬಸವ ಇಲ್ಲವಾದದ್ದೇ ಮತ್ತೆ ಮತ್ತೆ ಬರುತ್ತದೆ. ಬಸವ ಹೋದ ಮೇಲೆ ತನಗೆ ಯಾವ ಆಚಾರವೂ ಉಳಿಯಲಿಲ್ಲ, ಕುರುಹು ಉಳಿಯಲಿಲ್ಲ, ಹೆಣ್ಣೆಂಬ ರೂಪವೂ ಉಳಿಯಲಿಲ್ಲ ಎಂದು ಒಂದೊಂದನ್ನೇ ಕಳಚಿಡುತ್ತಾಳೆ. ಪಂಡಿತರು ಇದನ್ನು ನಿರವಯ ಸ್ಥಿತಿಯೆಂದು ಗುರುತಿಸುತ್ತಾರೆ. ತಪ್ಪಿಲ್ಲ. ಆದರೆ ಸತ್ತ ಮನೆಯಲ್ಲಿ ಕುಳಿತವರಿಗೂ ಈ ಭಾಷೆ ಗೊತ್ತು. ಅನುಭಾವದ ಶೂನ್ಯಕ್ಕೂ ದುಃಖದ ಬರಿದಿಗೂ ನಡುವೆ ನೀಲಮ್ಮ ಗೆರೆ ಎಳೆಯುವುದಿಲ್ಲ, ನಮ್ಮ ವಿಮರ್ಶೆ ಎಳೆಯುತ್ತದೆ. ಗೆರೆ ಎಳೆದು ಮೊದಲನೆಯದನ್ನು ಸಾಹಿತ್ಯಕ್ಕೂ ಎರಡನೆಯದನ್ನು ಹೆಣ್ಣುಮಕ್ಕಳ ಅಳುವಿಗೂ ಹಂಚಿಬಿಡುತ್ತದೆ. ಅಕ್ಕಮಹಾದೇವಿಯ ಬಗ್ಗೆ ರಾಶಿ ಬರೆದ ನಾವು ನೀಲಮ್ಮನ ಬಗ್ಗೆ ಅಷ್ಟು ಬರೆಯದೆ ಇರುವುದಕ್ಕೆ ಇದೂ ಒಂದು ಕಾರಣವಿರಬೇಕು: ಅಕ್ಕನಿಗೆ ಕದಳಿಯ ಬನ ಸಿಕ್ಕಿತು, ಇವಳಿಗೆ ಸಿಕ್ಕಿದ್ದು ಈಚೆ ದಂಡೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಬಂದ ಮೇಲೆ ಅವಳ ಗುಡಿಯೂ ನೀರಿನ ನಡುವೆ ನಿಂತಿದೆ, ಸಂಗಮದ ಐಕ್ಯಮಂಟಪದ ಹಾಗೆಯೇ.

ಇನ್ನು ಪುರಾಣದ ಮಾತು. ಈ ತಾಲ್ಲೂಕುಗಳಲ್ಲಿ ಶ್ರಾವಣ ಬಂದರೆ ಊರೂರಿಗೆ ಪುರಾಣ ಹಚ್ಚುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಗುಡಿಯ ಮುಂದೆ ಓದು, ವ್ಯಾಖ್ಯಾನ, ನಡುನಡುವೆ ಸಂಗೀತ. 1369ರ ಭೀಮಕವಿಯ ಬಸವಪುರಾಣದಿಂದ ಹಿಡಿದು ಶರಣಬಸವೇಶ್ವರರ ಚರಿತ್ರೆಯವರೆಗೆ ಯಾವುದನ್ನೇ ಹಚ್ಚಲಿ, ಕೊನೆಗೆ ಮಂಗಲ ಆಗಲೇಬೇಕು. ಅನ್ನಸಂತರ್ಪಣೆಯೊಂದಿಗೆ ಮುಗಿಯದ ಪುರಾಣ ಊರಿಗೆ ಕೇಡು ಎಂಬ ನಂಬಿಕೆ ಇದೆ. ಹಾಗಾಗಿ ಶರಣರಿಗೆ ಬಂದ ಕಷ್ಟವೆಲ್ಲ ಪರೀಕ್ಷೆಯಾಗುತ್ತದೆ, ದೇವರ ಮೌನವೆಲ್ಲ ಲೀಲೆಯಾಗುತ್ತದೆ. ಮಗು ಸತ್ತ ತಾಯಿ ಅಲ್ಲಿ ಕುಳಿತಿದ್ದರೆ ಅವಳಿಗೆ ಈ ಮಂಗಲ ಬೇಕು, ಅದನ್ನು ಕಿತ್ತುಕೊಳ್ಳಲು ವಿಮರ್ಶಕನಿಗೇನು ಹಕ್ಕು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಆದರೆ ಅದೇ ತಾಯಿ ಮರುದಿನ ಮನೆಯಲ್ಲಿ ಹಾಡ್ಯಾಡಿ ಅಳುವಾಗ ಪರೀಕ್ಷೆಯ ಮಾತಾಡುವುದಿಲ್ಲ. ದೇವರಿಗೆ ಕಣ್ಣಿಲ್ಲೇನು ಎನ್ನುತ್ತಾಳೆ. ಸಂಜೆಯಾದರೆ ಅದೇ ದೇವರ ಮುಂದೆ ದೀಪ ಹಚ್ಚುತ್ತಾಳೆ. ಪುರಾಣಿಕರ ವ್ಯಾಖ್ಯಾನಕ್ಕಿಂತ ಈ ನಡೆಯಲ್ಲಿ ನಂಬಿಕೆ ಗಟ್ಟಿಯಾಗಿದೆ.

ಮಳೆಯ ವಿಷಯದಲ್ಲೂ ಇದೇ ರೀತಿ. ಮಳೆ ಕೈಕೊಟ್ಟರೆ ಹಂಚಿನ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಚುಚ್ಚಿ, ತಲೆಯ ಮೇಲೆ ಹೊತ್ತು ಮನೆಮನೆ ತಿರುಗುತ್ತಾರೆ. ಮನೆಯವರು ನೀರು ಸುರಿದರೆ ಹೊತ್ತವರು ತಿರುತಿರುಗಿ ಕುಣಿಯುತ್ತಾರೆ. ಬೇಡಿಕೆಗಿಂತ ಹೆಚ್ಚಾಗಿ ಅದು ದೇವರನ್ನು ಪೀಡಿಸುವ ಆಟ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳೆಲ್ಲ ಆಗಿನ ಕಲಾದಗಿ ಜಿಲ್ಲೆಯಲ್ಲಿದ್ದಾಗ ಬಂದ 1876–78ರ ಬರಗಾಲದಲ್ಲಿ ಊರುಗಳು ಬರಿದಾದವು. ಅದಕ್ಕೂ ಹಿಂದಿನ, ಹದಿನೆಂಟನೆಯ ಶತಮಾನದ ಕೊನೆಯ ಬರಕ್ಕೆ ಜನ ಇಟ್ಟ ಹೆಸರೇ ಡೋಗಿ ಬರ, ತಲೆಬುರುಡೆಗಳ ಬರ. ಇಂಥ ನೆಲದ ದೇವರ ಮೇಲೆ ದೂರು ಇಲ್ಲದಿದ್ದರೆ ಆಶ್ಚರ್ಯ.

ಆ ದೂರನ್ನು ಬರಹಕ್ಕೆ ಇಳಿಸಿದವರು ಹಲಸಂಗಿಯ ಗೆಳೆಯರು. ಹಲಸಂಗಿ ಹಳೆಯ ಇಂಡಿ ತಾಲ್ಲೂಕಿನ ಹಳ್ಳಿ, ಈಗ ಚಡಚಣದ ಕಡೆಗೆ ಸೇರಿದೆ. ಮಧುರಚೆನ್ನರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿ (1903–1953), ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಇವರ ಬಳಗ 1931ರಲ್ಲಿ ಗರತಿಯ ಹಾಡು ತಂದಿತು. ಬೀಸುಕಲ್ಲಿನ ಮುಂದೆ ನಸುಕಿನಲ್ಲಿ ಹುಟ್ಟಿದ ತ್ರಿಪದಿಗಳು. ಆ ಹಾಡುಗಳಲ್ಲಿ ದೇವರು ನೆರೆಮನೆಯವನಷ್ಟು ಹತ್ತಿರ: ಮಕ್ಕಳನ್ನು ಕೊಡು ಎಂದು ಕೇಳಬಹುದು, ಕೊಡದಿದ್ದರೆ ಹಂಗಿಸಬಹುದು, ಶ್ರೀಶೈಲದ ಮಲ್ಲಯ್ಯನಿಗೆ ಲಂಚದ ಹಾಗೆ ಹರಕೆ ಹೊರಬಹುದು. 1920ರ ದಶಕದಲ್ಲಿ ಹಾಡಿದ ಮುದುಕಿಯರಲ್ಲಿ ಬರಗಾಲವನ್ನು ಬಾಲ್ಯದಲ್ಲಿ ಕಂಡವರು, 1918ರ ಜ್ವರದಲ್ಲಿ ಮನೆಮಂದಿಯನ್ನು ಕಳೆದುಕೊಂಡವರು ಇದ್ದಿರಲೇಬೇಕು.

ಈ ಹಾಡುಗಳಿಗೆ ಕಿವಿಗೊಟ್ಟ ಮಧುರಚೆನ್ನರು ಆ ವರ್ಷಗಳಲ್ಲೇ ತಮ್ಮ ಒಳಗಿನ ಸಂಶಯವನ್ನು ಬರೆಯುತ್ತಿದ್ದರು ಎಂಬುದು ನನಗೆ ಕುತೂಹಲದ ಸಂಗತಿ. ಪೂರ್ವರಂಗ, ಕಾಳರಾತ್ರಿ, ಬೆಳಗು: ಅವರ ಆತ್ಮಶೋಧನೆಯ ಗದ್ಯದ ಹೆಸರುಗಳೇ ದಾರಿಯನ್ನು ಹೇಳುತ್ತವೆ. ಬಾಲ್ಯದ ನಂಬಿಕೆ, ಓದು ಮತ್ತು ವಿಚಾರದಿಂದ ಅದರ ಕುಸಿತ, ಆಮೇಲೆ ಶಾಂತಿ, ಮುಂದೆ ಪಾಂಡಿಚೇರಿಯ ಅರವಿಂದರು. ಕನ್ನಡದಲ್ಲಿ ದೇವರಿಲ್ಲವೇನೋ ಎಂಬ ನೋವನ್ನು ಹಳ್ಳಿಯೊಂದರಲ್ಲಿ ಕೂತು ಇಷ್ಟು ನೇರವಾಗಿ ಬರೆದವರು ಅವರಿಗಿಂತ ಮುಂಚೆ ಸಿಗುವುದು ಕಷ್ಟ. ರಷ್ಯದ ಟಾಲ್‌ಸ್ಟಾಯ್ ಇಂಥದೇ ಕುಸಿತವನ್ನು ತಮ್ಮ ತಪ್ಪೊಪ್ಪಿಗೆಯಲ್ಲಿ ಬರೆದು, ಕೊನೆಗೆ ರೈತಾಪಿ ಜನರ ನಂಬಿಕೆಯ ಕಡೆ ತಿರುಗಿದರು; ಹದಿನಾರನೆಯ ಶತಮಾನದ ಸ್ಪೇನಿನಲ್ಲಿ ಸೆರೆಮನೆ ಕಂಡ ಸಂತ ಯೋಹಾನ ಆತ್ಮದ ಕತ್ತಲ ರಾತ್ರಿಯನ್ನು ಪ್ರೇಮಗೀತವಾಗಿ ಹಾಡಿದ. ಮಧುರಚೆನ್ನರಲ್ಲಿ ಈ ಎರಡೂ ಇವೆ: ರೈತ ಹೆಣ್ಣುಮಕ್ಕಳ ಕಡೆಗಿನ ಕಿವಿ, ದೇವರನ್ನು ನಲ್ಲನೆಂದು ಹಂಬಲಿಸುವ ದನಿ.

ಆದರೆ ಗದ್ಯಕ್ಕಿಂತ ಅವರ ನನ್ನ ನಲ್ಲ ಕವಿತೆಯೇ ದೊಡ್ಡದೆಂದು ನನ್ನ ಎಣಿಕೆ. ಗದ್ಯದ ಮೂರು ಹೆಸರುಗಳಲ್ಲಿ ರಾತ್ರಿಗೆ ಬೆಳಗು ಮೊದಲೇ ಗೊತ್ತಾಗಿದೆ. ಓದುಗ ಕಾಳರಾತ್ರಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಅದು ಕಳೆಯುತ್ತದೆಂದು ಬಲ್ಲ; ಷಟ್‌ಸ್ಥಲದ ಮೆಟ್ಟಿಲು ಇಲ್ಲಿ ಆತ್ಮಕಥೆಯ ರೂಪ ತಾಳಿದೆ. ಕವಿತೆ ಹಾಗಲ್ಲ. ಅದು ಬೀಸುಕಲ್ಲಿನ ಹಾಡಿನ ಬಳುಕನ್ನು ಹೊತ್ತು ಕಾಯುವುದರಲ್ಲೇ ಬದುಕುತ್ತದೆ. ನಲ್ಲ ಬಂದನೋ ಇಲ್ಲವೋ ಎಂಬುದಕ್ಕಿಂತ ಕರೆಯುವ ದನಿ ಅಲ್ಲಿ ಮುಖ್ಯ. ಮಧುರಚೆನ್ನರನ್ನು ಸಿದ್ಧಪುರುಷರ ಸಾಲಿನಲ್ಲಿ ಕೂರಿಸಿದ ಭಕ್ತವಿಮರ್ಶೆ ಬೆಳಗನ್ನು ಹೊಗಳಿತು. ಕತ್ತಲನ್ನು ಮುನ್ನುಡಿಯಾಗಿ ಮುಗಿಸಿತು.

ಸಿಂದಗಿ ಸೀಮೆಯ ತತ್ವಪದಕಾರರ ಕಥೆ ಇಷ್ಟು ಮೃದುವಲ್ಲ. ಪಕ್ಕದ ಕಡಕೋಳದ ಮಡಿವಾಳಪ್ಪನವರ ಶಿಷ್ಯಬಳಗ, ಕಡ್ಲೇವಾಡದ ಸಿದ್ದಪ್ಪ, ಖೈನೂರ ಕೃಷ್ಣಪ್ಪ, ಚನ್ನೂರ ಜಲಾಲಸಾಹೇಬರಂಥವರು, ದೇವರ ಮೌನಕ್ಕಿಂತ ದೇವರ ಹೆಸರಿನಲ್ಲಿ ಮಾತಾಡುವವರ ಬಾಯಿಬಡುಕತನವನ್ನು ಹೆಚ್ಚು ಅನುಮಾನಿಸಿದರು. ಜಾತಿಯ ಅವಮಾನ ಉಂಡವರಿಗೆ ಆ ಅನುಮಾನ ಸಹಜ. ಗುರುವಿನ ಕೃಪೆಯಾದರೆ ಎಲ್ಲವೂ ತಿಳಿಯಿತೆಂಬ ಮುಕ್ತಾಯ ಅವರಲ್ಲೂ ಪದೇ ಪದೇ ಬರುತ್ತದೆ, ಕೆಲವೊಮ್ಮೆ ಯಾಂತ್ರಿಕವಾಗಿ. ಆದರೆ ಏಕತಾರಿ ಹಿಡಿದು ಭಜನೆಯಲ್ಲಿ ಹಾಡುವಾಗ ಜನ ಮತ್ತೆ ಮತ್ತೆ ಹೇಳಿಸಿಕೊಳ್ಳುವ ನುಡಿ ಮುಕ್ತಾಯದ್ದಾಗಿರುವುದಿಲ್ಲ, ನಡುವಿನ ಸಂಕಟದ್ದಾಗಿರುತ್ತದೆ.

ಇದೇ ಊರುಗಳಲ್ಲಿ ಮೊಹರಂ ಬಂದರೆ ಹಿಂದೂಗಳೂ ಸೇರಿ ದೇವರು ಕೂರಿಸಿ, ಅಲಾಬದ ಕುಣಿ ತೆಗೆದು, ರಿವಾಯತ ಪದ ಹಾಡುತ್ತಾರೆ. 680ರ ಕರ್ಬಲಾದಲ್ಲಿ ನದಿ ಪಕ್ಕದಲ್ಲಿದ್ದೂ ನೀರಿಲ್ಲದೆ ಸತ್ತ ಹುಸೇನರ ಕಥೆ ಅದು. ಆಕಾಶ ಆವತ್ತು ಏನೂ ಮಾಡಲಿಲ್ಲ. ಕೃಷ್ಣೆ, ಭೀಮೆಗಳ ನಡುವೆ ಇದ್ದೂ ನೀರಿಗೆ ಬಾಯಿಬಿಟ್ಟ ಸೀಮೆ ಈ ಕಥೆಯನ್ನು ತನ್ನದಾಗಿಸಿಕೊಂಡದ್ದರಲ್ಲಿ ವಿಚಿತ್ರವೇನಿಲ್ಲ. ವಿಶೇಷವೆಂದರೆ ರಿವಾಯತಕ್ಕೆ ಮಂಗಲವಿಲ್ಲ. ಹತ್ತನೆಯ ದಿನ ದೇವರು ಹೊಳೆಗೆ ಹೋಗುತ್ತವೆ, ಮುಂದಿನ ವರ್ಷ ಅದೇ ಸಾವನ್ನು ಮತ್ತೆ ಹಾಡಬೇಕು. ವೀರಶೈವ ಮಠಗಳ ಪುರಾಣ ಸಂಪ್ರದಾಯ ಕಳೆದುಕೊಂಡದ್ದನ್ನು ಅದೇ ಓಣಿಯ ರಿವಾಯತ ಮೇಳ ಉಳಿಸಿಕೊಂಡಿದೆ, ಹಾಡುವವರು ಎಷ್ಟೋ ಕಡೆ ಅದೇ ಮಠಗಳ ಭಕ್ತರೇ ಆಗಿದ್ದರೂ.

ಆಲಮಟ್ಟಿ, ನಾರಾಯಣಪುರಗಳ ನೀರು ನಿಂತಾಗ ಬಾಗೇವಾಡಿ, ಮುದ್ದೇಬಿಹಾಳ ತಾಲ್ಲೂಕುಗಳ ದಂಡೆಯ ಊರುಗಳು ಪುನರ್ವಸತಿ ಕೇಂದ್ರಗಳಿಗೆ ಎದ್ದವು. ಮನೆ, ಹೊಲಗಳಿಗೆ ಪರಿಹಾರದ ಲೆಕ್ಕವಿತ್ತು. ಊರು ಮುಳುಗುವಾಗ ಊರದೇವರು ಯಾಕೆ ಸುಮ್ಮನಿದ್ದ ಎಂಬುದಕ್ಕೆ ಯಾವ ಕಚೇರಿಯಲ್ಲೂ ಅರ್ಜಿ ನಮೂನೆ ಇರಲಿಲ್ಲ. ಆ ಅನುಭವದಿಂದ ಬಂದ ದೊಡ್ಡ ಭಕ್ತಿಕಾವ್ಯ ನಮ್ಮಲ್ಲಿ ಇಲ್ಲ; ಹೋರಾಟದ ಹಾಡು, ಕಥೆಗಳಿವೆ. ದೇವರನ್ನು ಕೇಳುವ ಧೈರ್ಯ ಹನ್ನೆರಡನೆಯ ಶತಮಾನದವರಿಗೆ ಇದ್ದಷ್ಟು ಇಂದಿನ ಭಕ್ತಕವಿಗಳಿಗೆ ಇಲ್ಲವೆಂದೇ ಹೇಳಬೇಕಾಗುತ್ತದೆ. ಅವರು ಬಸವಣ್ಣನವರನ್ನು ಸ್ತುತಿಸುತ್ತಾರೆ, ಬಸವಣ್ಣನವರ ಹಾಗೆ ದೂರು ಕೊಡುವುದಿಲ್ಲ.

ನನಗೆ ಬೇಕೆನಿಸುವುದು ಒಂದು ಸಂಕಲನ. ಸ್ಥಲಗಳ ವಿಂಗಡಣೆ ಇಲ್ಲದೆ, ಅಲ್ಲಮನ ಉತ್ತರ ಪಕ್ಕದಲ್ಲಿಲ್ಲದೆ ಬಸವಣ್ಣನವರ ದೂರಿನ ವಚನಗಳು, ನೀಲಮ್ಮನ ತಂಗಡಗಿಯ ವಚನಗಳು, ಗರತಿಯ ಹಾಡಿನ ಹಂಗಿಸುವ ತ್ರಿಪದಿಗಳು, ಕಡ್ಲೇವಾಡ, ಖೈನೂರುಗಳ ಪದಗಳು, ಒಂದೆರಡು ರಿವಾಯತಗಳು, ಕಾಳರಾತ್ರಿಯ ಪುಟಗಳು ಒಟ್ಟಿಗೆ. ಇಂಥ ಪುಸ್ತಕವನ್ನು ಮಠಗಳು ಅಚ್ಚು ಹಾಕಿಸಲಿಕ್ಕಿಲ್ಲ. ವಿಶ್ವವಿದ್ಯಾಲಯಗಳು ಹಾಕಿಸಿದರೆ ಐವತ್ತು ಪುಟದ ಪ್ರಸ್ತಾವನೆ ಬರೆದು, ಇವೆಲ್ಲ ಕೊನೆಗೆ ಎಲ್ಲಿ ಮುಟ್ಟುತ್ತವೆಂದು ಮೊದಲೇ ಹೇಳಿಬಿಡುತ್ತವೆ. ಹಲಸಂಗಿಯ ಹಾಗೆ ನಾಲ್ಕು ಜನ ಗೆಳೆಯರು ಸೇರಿದರೆ ಆದೀತು.