ಮರೆಯದ ನಿರೂಪಕ, ಮರೆಯುವ ಓದುಗ

ವೈಜ್ಞಾನಿಕ ಕಥಾಸಾಹಿತ್ಯವನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಕಲ್ಪನೆಯ ಹೊಸತನವನ್ನೇ ಅವಲಂಬಿಸಿದೆ. ಅಂಥ ಕೃತಿಗಳು ಓದುಗನ ನೆನಪಿನಿಂದ ಏನನ್ನು ಬೇಡುತ್ತವೆ ಎಂಬ ಪ್ರಶ್ನೆ ಹಿಂದೆಯೇ ಉಳಿದಿದೆ. ಅಮೆರಿಕದ ಜೀನ್ ವುಲ್ಫ್ (1931–2019) 1980ರ ದಶಕದ ಮೊದಲ ವರ್ಷಗಳಲ್ಲಿ ನಾಲ್ಕು ಸಂಪುಟಗಳಾಗಿ ಪ್ರಕಟಿಸಿದ ‘ದ ಬುಕ್ ಆಫ್ ದ ನ್ಯೂ ಸನ್’ ಈ ಪ್ರಶ್ನೆಯನ್ನು ಮುನ್ನೆಲೆಗೆ ತರುತ್ತದೆ.

ಸೂರ್ಯ ಮಂಕಾಗುತ್ತಿರುವ ಅತಿದೂರದ ಭವಿಷ್ಯದ ಭೂಮಿಯಲ್ಲಿ ಕಥೆ ನಡೆಯುತ್ತದೆ. ಚಿತ್ರಹಿಂಸೆಯನ್ನೇ ವೃತ್ತಿಯಾಗಿಸಿಕೊಂಡ ಸಂಘವೊಂದರಲ್ಲಿ ಬೆಳೆದ ಸೆವೆರಿಯನ್ ತನ್ನ ಕಥೆಯನ್ನು ತಾನೇ ಬರೆಯುತ್ತಾನೆ. ತಾನು ಏನನ್ನೂ ಮರೆಯುವುದಿಲ್ಲವೆಂಬುದು ಅವನ ಹೇಳಿಕೆ. ಆದರೆ ನೆನಪು ಅವನಿಗೆ ಅರಿವನ್ನು ತಂದುಕೊಡುವುದಿಲ್ಲ. ಹಳೆಯ ಚಿತ್ರವೊಂದರಲ್ಲಿ ಬರಡು ನೆಲದ ಮೇಲೆ ಧ್ವಜ ಹಿಡಿದು ನಿಂತ ಕವಚಧಾರಿಯನ್ನೂ ಅವನ ಶಿರಸ್ತ್ರಾಣದ ಬಂಗಾರದ ಮುಸುಕನ್ನೂ ಆತ ವರ್ಣಿಸುತ್ತಾನೆ. ಅದು ಚಂದ್ರನ ಮೇಲಿಳಿದ ಗಗನಯಾತ್ರಿಯೆಂಬುದು 1969ರ ಘಟನೆಯನ್ನು ಬಲ್ಲ ಓದುಗನಿಗೆ ಮಾತ್ರ ಹೊಳೆಯುತ್ತದೆ.

ಮೊದಲ ಸಂಪುಟದ ಸರೋವರ ಪ್ರಸಂಗ ಇನ್ನೂ ಗಮನಾರ್ಹ. ಬಹುಕಾಲದ ಹಿಂದೆ ತೀರಿಕೊಂಡು ಆ ನೀರಿನಲ್ಲಿ ಸೇರಿದ ಹೆಂಡತಿಯ ದೇಹವನ್ನು ಮುದುಕನೊಬ್ಬ ದೋಣಿಯಲ್ಲಿ ಹುಡುಕುತ್ತಿದ್ದಾನೆ. ಅನಂತರ ಅದೇ ನೀರಿನಿಂದ, ಹಿಂದಿನದೇನೂ ನೆನಪಿಲ್ಲದ ಡಾರ್ಕಸ್ ಎಂಬ ಯುವತಿ ಮೇಲೇಳುತ್ತಾಳೆ. ನಿರೂಪಕ ಇವೆರಡನ್ನೂ ಅಲ್ಲಿ ಜೋಡಿಸುವುದಿಲ್ಲ. ಆಕೆ ತನಗೆ ಏನಾಗಬೇಕು ಎಂಬುದು ಅವನಿಗೆ ತಿಳಿಯುವುದು ಕೊನೆಯ ಸಂಪುಟದಲ್ಲಿ. ಅಷ್ಟರಲ್ಲಿ ದೋಣಿಯ ಮುದುಕನನ್ನು ಮರೆತ ಓದುಗನಿಗೆ ಕಥೆಯ ತಿರುವು ದಕ್ಕೀತು, ಅದರ ದುಃಖ ದಕ್ಕದು.

ಭಾಷೆಯಲ್ಲಿಯೂ ಇದೇ ಕ್ರಮವಿದೆ. ಕೃತಿಯ ಅಪರಿಚಿತ ಪದಗಳು ಲೇಖಕನ ಸೃಷ್ಟಿಯಲ್ಲ. ಬಹುಪಾಲು ಗ್ರೀಕ್, ಲ್ಯಾಟಿನ್ ಮೂಲದ, ಬಳಕೆ ತಪ್ಪಿದ ಪದಗಳು. ಭವಿಷ್ಯವನ್ನು ಮರೆತ ಮಾತುಗಳಿಂದ ಕಟ್ಟುವ ಈ ವಿಧಾನ ಅನುವಾದಕ್ಕೆ ಸವಾಲು. ಕನ್ನಡಕ್ಕೆ ತರುವವರು ಹೊಸ ಪಾರಿಭಾಷಿಕಗಳನ್ನು ಟಂಕಿಸಿದರೆ ಅರ್ಥ ಬಂದೀತು, ಮರವೆಯ ಅನುಭವ ಬಾರದು. ಅದಕ್ಕೆ ಹಳಗನ್ನಡ ಕಾವ್ಯಗಳ, ಶಾಸನಗಳ ಪದಸಂಪತ್ತನ್ನೇ ಆಶ್ರಯಿಸಬೇಕಾಗುತ್ತದೆ.

ಈ ಕಥನಕ್ರಮಕ್ಕೆ ಮಿತಿಯೂ ಉಂಟು. ಸೆವೆರಿಯನ್ನನ ತಾಯಿ ಯಾರೆಂಬುದನ್ನು ಚದುರಿದ ಸೂಚನೆಗಳಿಂದ ಊಹಿಸಬೇಕಷ್ಟೆ. ಮೊದಲ ಓದಿನಲ್ಲಿ ಆ ಎಳೆ ಇಲ್ಲವೆಂದೇ ಹೇಳಬಹುದು. ಮರು ಓದಿಗೆ ಬಿಡುವಿಲ್ಲದವರಿಗೆ ಇದು ಅನ್ಯಾಯವಾಗಿ ತೋರಿದರೆ ಆಕ್ಷೇಪಿಸುವಂತಿಲ್ಲ. ಆದರೂ ಇಲ್ಲಿ ಮರು ಓದು ಕೃತಿಯ ರಚನೆಗೇ ಸೇರಿದ ಸಂಗತಿ. ಸಾರಾಂಶದ ಮೂಲಕ ಇಂಥ ಕೃತಿಗಳನ್ನು ಪರಿಚಯಿಸುವ ರೂಢಿ ಇಲ್ಲಿ ಸೋಲುತ್ತದೆ. ಸಾರಾಂಶ ಉಳಿಸಿಕೊಡುವುದು ಘಟನೆಯನ್ನು. ಕೃತಿ ಪರೀಕ್ಷಿಸುವುದು ಓದುಗ ಯಾವುದನ್ನು ಅಲ್ಪವೆಂದು ಬಿಟ್ಟು ಮುಂದೆ ಸಾಗಿದನೆಂಬುದನ್ನು.