ಮರಳುಕಾಳುಗಳ ಸಂದಿಯಲ್ಲಿ ನ್ಯಾನೊಕಣ

ಮರಳು ತುಂಬಿದ ಕೊಳವೆಗೆ ಒಂದು ತುದಿಯಿಂದ ನ್ಯಾನೊಕಣ ಬೆರೆತ ನೀರು ಬಿಡುವುದು, ಇನ್ನೊಂದು ತುದಿಯಲ್ಲಿ ಹೊರಬಂದದ್ದನ್ನು ಅಳೆಯುವುದು. ಶಿಲೆ, ಮರಳುಗಳ ರಂಧ್ರಗಳಲ್ಲಿ ಕಣಗಳು ಹೇಗೆ ಸಾಗುತ್ತವೆ ಎಂಬ ಅಧ್ಯಯನ ದಶಕಗಳ ಕಾಲ ನಡೆದದ್ದು ಬಹುಮಟ್ಟಿಗೆ ಹೀಗೆ. ಒಳಗೆ ನಡೆದದ್ದೆಲ್ಲ ಊಹೆ. ಆ ಊಹೆಗೆ ಆಧಾರವಾದದ್ದು 1971ರಲ್ಲಿ ಯಾವೊ, ಹಬೀಬಿಯನ್, ಓಮೆಲಿಯಾ ಮಂಡಿಸಿದ ಸೋಸುವಿಕೆಯ ಸಿದ್ಧಾಂತ. ಅದು ಪ್ರತಿ ಮರಳುಕಾಳನ್ನೂ ಒಂಟಿ ಗೋಲವೆಂದು ಎಣಿಸುತ್ತದೆ. ಕಾಳಿಗೆ ಕಾಳು ತಾಗುವ ಇಕ್ಕಟ್ಟು ಅದರ ಲೆಕ್ಕಕ್ಕೆ ಬರುವುದಿಲ್ಲ.

ಮೊಲ್ನಾರ್, ಗೆರ್ಹಾರ್ಡ್, ವಿಲ್ಸನ್, ಓಕ್ಯಾರಲ್ ಅವರು 2015ರಲ್ಲಿ 'ವಾಟರ್ ರಿಸೋರ್ಸಸ್ ರಿಸರ್ಚ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣಿಟ್ಟದ್ದು ಈ ಇಕ್ಕಟ್ಟಿನ ಮೇಲೆಯೇ. ಮೂರು ಬಗೆಯ ಮರಳಿನಲ್ಲಿ ಬೆಳ್ಳಿಯ ನ್ಯಾನೊಕಣ ಹರಿಸಿ, ಸಿಂಕ್ರೊಟ್ರಾನ್ ಕ್ಷ-ಕಿರಣದಿಂದ ಮೂರು ಆಯಾಮದ ಚಿತ್ರ ತೆಗೆದರು. ಚಿತ್ರದಲ್ಲಿ ಬಿಡಿ ಕಣ ಕಾಣುವುದಿಲ್ಲ ಎಂಬುದನ್ನು ಓದುಗರು ಮರೆಯಬಾರದು. ಚಿತ್ರದ ಅತಿ ಚಿಕ್ಕ ಘಟಕ ಮೈಕ್ರೊಮೀಟರ್ ಲೆಕ್ಕದ್ದು, ಕಣವೋ ನ್ಯಾನೊಮೀಟರ್ ಲೆಕ್ಕದ್ದು. ಕಾಣುವುದು ಸಾಂದ್ರತೆ, ಎಂದರೆ ಒಂದೊಂದು ರಂಧ್ರದಲ್ಲಿ ಬೆಳ್ಳಿ ಎಷ್ಟಿದೆ ಎಂಬುದು ಮಾತ್ರ. ಆ ಸಾಂದ್ರತೆ ಕಾಳುಗಳು ತಾಗುವಲ್ಲಿ ಪ್ರಯೋಗದುದ್ದಕ್ಕೂ ಕಡಿಮೆಯೇ ಇತ್ತು. ಹೊಳೆಯ ದಂಡೆಯ ಮಡುವಿನಂತೆ ಅಲ್ಲಿ ನೀರು ಹೆಚ್ಚುಕಡಿಮೆ ನಿಂತೇ ಇರುತ್ತದೆ, ಕಣಗಳು ಕಾಳಿನ ಮೈ ಮುಟ್ಟುವುದನ್ನು ಅದು ತಡೆಯುತ್ತದೆ. ಹಳೆಯ ಸಿದ್ಧಾಂತ ಹೇಳುವಷ್ಟು ಕಣಗಳು ಸಿಕ್ಕಿಬೀಳದಿರಲು ಇದೇ ಕಾರಣವಿರಬಹುದು ಎನ್ನುತ್ತಾರೆ ಲೇಖಕರು.

ಇದು ದೊಡ್ಡ ಮಾತು. ಆದರೆ ಸಾಕ್ಷ್ಯ ಇರುವುದು ಚಿತ್ರ ಅತ್ಯಂತ ದುರ್ಬಲವಾಗುವ ಜಾಗದಲ್ಲಿ. ಕಾಳಿನ ಅಂಚಿನಲ್ಲಿ ಚಿತ್ರದ ಒಂದೇ ಘಟಕ ಅರ್ಧ ಮರಳು, ಅರ್ಧ ನೀರು ಆಗಿರುತ್ತದೆ, ಹಾಗಾಗಿ ಬೆಳ್ಳಿ ಇರುವುದಕ್ಕಿಂತ ಕಡಿಮೆ ತೋರಬಹುದು. ಮೂರು ಮರಳುಗಳಲ್ಲೂ ಸಾಂದ್ರತೆಯ ಇಳಿಕೆ ಒಂದೇ ರೀತಿ ಇತ್ತು, ಮೇಲ್ಮೈಯ ರಸಾಯನಕ್ಕೆ ಅದು ಜಗ್ಗಲಿಲ್ಲ ಎಂಬುದು ಅವರ ಮುಖ್ಯ ವಾದ. ಅಂಚಿನ ದೋಷವೂ ರಸಾಯನಕ್ಕೆ ಜಗ್ಗುವುದಿಲ್ಲವಲ್ಲ! ಈ ಸಂದೇಹವನ್ನು ಚಿತ್ರವೊಂದರಿಂದಲೇ ಕಳೆಯಲಾಗದು. ಹಾಗಿದ್ದೂ ನಾನು ಈ ಅಧ್ಯಯನವನ್ನು ನಂಬುತ್ತೇನೆ. ಹರಿವಿನ ಗಣಿತವೂ ನಿಂತ ನೀರಿನ ಜಾಗ ಅಲ್ಲೇ ಇದೆ ಎಂದಿತು. ಬರಿ ನೀರು ಹಾಯಿಸಿ ತೊಳೆಯುವಾಗ ಕಣಗಳು ನಿಂತ ನೀರಿನಿಂದ ಸೋರಿದಂತೆ ಬಹಳ ಹೊತ್ತು ಅಷ್ಟಷ್ಟಾಗಿ ಹೊರಬರುತ್ತಲೇ ಇದ್ದವು. ಚಿತ್ರವನ್ನು ಚಿತ್ರದ ಹೊರಗಿನ ಸಾಕ್ಷ್ಯದೊಡನೆ ಹೀಗೆ ಒರೆಹಚ್ಚಿದ್ದು ಈ ಕೆಲಸದ ನಿಜವಾದ ಹಿರಿಮೆ.

ನನ್ನ ಆಕ್ಷೇಪ ಬೆಳ್ಳಿಯ ಬಗ್ಗೆ. ಮಲಿನ ಅಂತರ್ಜಲವನ್ನು ಶುದ್ಧಗೊಳಿಸಲು ನೆಲಕ್ಕೆ ಇಳಿಸುವುದು ಕಬ್ಬಿಣದ ಕಣಗಳನ್ನು. ಬೆಳ್ಳಿಯ ಗುರುತು ಹಿಡಿಯುವ 25.5 ಕಿಲೊ ಎಲೆಕ್ಟ್ರಾನ್ ವೋಲ್ಟಿನ ಕ್ಷ-ಕಿರಣ ಮರಳಿನ ಕೊಳವೆಯನ್ನು ದಾಟಬಲ್ಲದು. ಕಬ್ಬಿಣಕ್ಕೆ ಬೇಕಾದದ್ದು 7.1, ಅದು ಮರಳಿನಲ್ಲಿ ಒಂದು ಮಿಲಿಮೀಟರ್ ಸಾಗುವುದೂ ಕಷ್ಟ. ಹೀಗೆ ಉಪಕರಣಕ್ಕೆ ಹೊಂದುವ ಲೋಹವೇ ಪ್ರಯೋಗಕ್ಕೆ ಬರುತ್ತದೆ. ಕಬ್ಬಿಣದ ಕಣಗಳು ಕಾಂತಬಲದಿಂದ ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ, ಬೆಳ್ಳಿಗೆ ಆ ಗುಣವಿಲ್ಲ. ಕಬ್ಬಿಣದ ಆಕ್ಸೈಡ್ ಕಣಗಳಿಗೆ ಎಂಆರ್‌ಐ ಒಗ್ಗುತ್ತದೆ. ಗ್ಲಾಸ್ಗೋದ ಸಂಶೋಧಕರು 2012ರಲ್ಲಿ ಜಲ್ಲಿಯಲ್ಲಿ ಅದನ್ನೇ ಬಳಸಿದರು. ಅಲ್ಲಿ ಇಡೀ ಹಾಸು ಕಾಣುತ್ತದೆ, ಚಿತ್ರದ ಸೂಕ್ಷ್ಮತೆ ಮಾತ್ರ ಕಡಿಮೆ. ಕಲ್ಲಿನಲ್ಲೇ ಕಬ್ಬಿಣದ ಖನಿಜವಿದ್ದರೆ ಸಂಕೇತ ಕೆಡುತ್ತದೆ.

ಮರಳು ಬಿಟ್ಟು ಗಟ್ಟಿ ಶಿಲೆಗೆ ಬಂದರೆ ಲೆಕ್ಕವೇ ಬೇರೆ. ಕರ್ನಾಟಕದ ಬಹುಪಾಲು ಅಂತರ್ಜಲ ಇರುವುದು ನೈಸ್, ಗ್ರಾನೈಟ್, ಬಸಾಲ್ಟ್‌ಗಳ ಬಿರುಕುಗಳಲ್ಲಿ, ಶಿಥಿಲಗೊಂಡ ಪದರಗಳಲ್ಲಿ. ಬಿರುಕಿನಲ್ಲಿ ಕಾಳುಗಳ ಸಂದಿ ಎಂಬುದೇ ಇಲ್ಲ. ಅದರ ಒರಟು ಗೋಡೆಗಳ ನಡುವೆ ನೀರು ಎಲ್ಲಿ ನಿಲ್ಲುತ್ತದೆ, ಕಣ ಎಲ್ಲಿ ತಂಗುತ್ತದೆ ಎಂಬುದನ್ನು ಕೊಳವೆಬಾವಿ ಕೊರೆದು ತೆಗೆದ ಶಿಲಾದಂಡಗಳಲ್ಲೇ ಚಿತ್ರ ತೆಗೆದು ನೋಡಬೇಕು.