ನೂರು ವಿಎಚ್‌ನ ಹಟ

ವಿಂಡೊ ಹಿಗ್ಗಿಸಿ ಕುಗ್ಗಿಸಿದಾಗ ಪೂರ್ಣ ಎತ್ತರದ ವಿಭಾಗಗಳು ಕುಪ್ಪಳಿಸದಂತೆ ನೋಡಿಕೊಳ್ಳುವುದು ಹೇಗೆ ಅಂತ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಶುರುವಂತೂ ಅಲ್ಲಿಂದಲೇ ಮಾಡುತ್ತೇನೆ.

ವಿಂಡೊ 900 ಪಿಕ್ಸೆಲ್ ಎತ್ತರವಿದ್ದರೆ ಮೂರನೇ ವಿಭಾಗ 1800ಕ್ಕೆ ಶುರು. ಓದುವವರು ಅಲ್ಲಿದ್ದಾಗಲೇ ವಿಂಡೊ 600ಕ್ಕೆ ಇಳಿಯಿತೆನ್ನಿ. ಮೂರನೆಯದು 1200ಕ್ಕೆ ಸರಿಯಿತು, ಸ್ಕ್ರೋಲ್ ಮಾತ್ರ 1800ರಲ್ಲೇ ಉಳಿಯಿತು. ಈಗ ಕಣ್ಣೆದುರಿಗೆ ನಾಲ್ಕನೇ ವಿಭಾಗ! ಇದಕ್ಕೆ ಜಾವಾಸ್ಕ್ರಿಪ್ಟ್ ಬಣದವರು ರೀಸೈಜ್‌ಗೊಂದು ಕಾವಲು ಕೂರಿಸಿ, ಪ್ರತಿ ಸಲ ಎತ್ತರ ಅಳೆದು, ಪುಟವನ್ನು ಎಳೆದು ತಂದು ನಿಲ್ಲಿಸುತ್ತಾರೆ. ಅಳತೆ ಮುಗಿಯುವಷ್ಟರಲ್ಲಿ ಪುಟ ಒಮ್ಮೆ ಬೆಚ್ಚಿರುತ್ತದೆ. ಫೋನಿನಲ್ಲಿ ಕೀಬೋರ್ಡ್ ಮೇಲೆದ್ದರೂ ಅವರಿಗೆ ಅದೊಂದು ರೀಸೈಜಾಗಿತ್ತು. ಹೆಸರು ಬರೆಯಹೋದವರ ಕೈಕೆಳಗಿಂದಲೇ ಫಾರ್ಮು ಜಾರುತ್ತಿತ್ತು. ಕ್ರೋಮ್ ತನ್ನ 108ನೇ ಆವೃತ್ತಿಯಲ್ಲಿ ಆ ಕಾಟ ತಪ್ಪಿಸಿತು, ಈ ಪಂಥದವರು ತಪ್ಪಿಸಲಿಲ್ಲ. ಸಿಎಸ್‌ಎಸ್‌ನ ಸ್ಕ್ರೋಲ್ ಸ್ನ್ಯಾಪ್ ಪುಟವನ್ನು ಎಳೆದು ನಿಲ್ಲಿಸುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತದೆ. ಅಳತೆ ಬದಲಾದರೆ ಹಿಂದೆ ನಿಂತಿದ್ದ ವಿಭಾಗಕ್ಕೇ ಮರಳಿ ನಿಲ್ಲಿಸಬೇಕೆಂಬುದು ಅದರ ನಿಯಮ. ಕ್ರೋಮ್ 2020ರಿಂದ ಅದನ್ನು ಪಾಲಿಸುತ್ತಿದೆ. ಪ್ರತಿ ಸಲ ಕಡ್ಡಾಯವಾಗಿ ಎಳೆದು ನಿಲ್ಲಿಸುವ ‘ಮ್ಯಾಂಡೇಟರಿ’ ಬೇಡ, ಹತ್ತಿರ ಬಂದಾಗ ಮಾತ್ರ ನಿಲ್ಲಿಸುವ ‘ಪ್ರಾಕ್ಸಿಮಿಟಿ’ ಸಾಕು.

ಆದರೆ ನಾನೀಗ ಬಂದಿರುವ ಮಂತ್ರಾಲಯದಲ್ಲಿ ವಿಂಡೊದ ಮೂಲೆ ಹಿಡಿದು ಎಳೆಯುವವರು ಯಾರು? ಶ್ರಾವಣ ಬಹುಳ ಬಿದಿಗೆಯ ಆರಾಧನೆಗೆ ರಾಯಚೂರು, ಬಳ್ಳಾರಿ, ಬೆಂಗಳೂರಿನಿಂದ ಬಂದಿಳಿದವರು ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಫೋನು ಹಿಡಿದು ರೂಮು ಹುಡುಕುತ್ತಿರುತ್ತಾರೆ. ಅವರ ಪರದೆಯಲ್ಲಿ ಕಿಟಕಿಯನ್ನು ಹಿಗ್ಗಿಸುವುದೂ ಕುಗ್ಗಿಸುವುದೂ ಅಡ್ರೆಸ್ ಬಾರ್. ಇಲ್ಲಿನ ಹೊಳೆಯದೂ ಇದೇ ಆಟ: ಹೊಸಪೇಟೆಯಲ್ಲಿ ತುಂಗಭದ್ರೆಯ ಗೇಟು ಎತ್ತಿದರೆ ಇಲ್ಲಿ ಸ್ನಾನಘಟ್ಟದ ಮೆಟ್ಟಿಲುಗಳು ಕಡಿಮೆಯಾಗುತ್ತವೆ, ಇಳಿಸಿದರೆ ಮತ್ತೆ ಏಳುತ್ತವೆ. (2009ರ ಅಕ್ಟೋಬರಿನಲ್ಲಂತೂ ಊರೇ ಮುಳುಗಿತ್ತು, ಆ ಮಾತು ಬೇರೆ.) ಪರದೆಯ ಎತ್ತರಕ್ಕೆ ಬಂದ ಹೊಸ ಅಳತೆಗಳಿಗೂ ಇದೇ ಲೆಕ್ಕ: ಹೊಳೆ ತುಂಬಿದಾಗ ಉಳಿಯುವ ಮೆಟ್ಟಿಲು ಎಸ್‌ವಿಎಚ್, ಬತ್ತಿದಾಗ ಕಾಣುವುದೆಲ್ಲ ಎಲ್‌ವಿಎಚ್, ಈ ಗಳಿಗೆಯಲ್ಲಿ ಕಂಡಷ್ಟು ಡಿವಿಎಚ್. ಪರದೆಯ ಎತ್ತರವನ್ನು ನೂರು ಪಾಲು ಮಾಡಿ ಎಣಿಸುವ ಹಳೆಯ ವಿಎಚ್ ಫೋನಿನಲ್ಲಿ ಬತ್ತಿದ ಹೊಳೆಯನ್ನೇ ನಂಬಿ ಲೆಕ್ಕ ಹಾಕುತ್ತದೆ. ಹಾಗಾಗಿ ‘100 ವಿಎಚ್’ ಎಂದು ಬರೆದ ಮೊದಲ ಪರದೆಯ ತಳ ಅಡ್ರೆಸ್ ಬಾರ್ ಇರುವಷ್ಟು ಹೊತ್ತೂ ಮುಳುಗಿಯೇ ಇರುತ್ತದೆ. ವಿನ್ಯಾಸಕಾರರು ಬುಕಿಂಗ್ ಬಟನ್ ಇಡುವುದು ಸರಿಯಾಗಿ ಆ ತಳದಲ್ಲೇ. ಇಲ್ಲಿನ ಲಾಡ್ಜೊಂದರ ಪುಟದಲ್ಲಿ ಆ ಬಟನ್ ಕಾಣದೆ ನಾನು ಕೊನೆಗೆ ಫೋನು ಮಾಡಿಯೇ ರೂಮು ಹಿಡಿದೆ.

ಮೂರೂ ಹೊಸ ಅಳತೆಗಳು 2022ರಲ್ಲಿ ಬಂದವು: ಮಾರ್ಚ್‌ನಲ್ಲಿ ಸಫಾರಿ 15.4, ಆಮೇಲೆ ಫೈರ್‌ಫಾಕ್ಸ್, ವರ್ಷದ ಕೊನೆಗೆ ಕ್ರೋಮ್. ಹೊಸ ಹುಡುಗರಿಗೆ ಡಿವಿಎಚ್ ಮೇಲೆ ಮೋಹ. ನನಗಿಲ್ಲ. ಸ್ಕ್ರೋಲ್ ಮಾಡುವಾಗ ಬಾರ್ ಸರಿದಂತೆಲ್ಲ ವಿಭಾಗ ಬೆಳೆದು ಓದುವ ಸಾಲನ್ನು ಅಲುಗಿಸುತ್ತದೆ. ಮೊದಲ ಪರದೆಗೆ ಎಸ್‌ವಿಎಚ್ ಹಾಕಿ ಸುಮ್ಮನಿರಿ.

ಇಷ್ಟಾದರೂ ಪುಟ ಕೆಡುವುದು ‘ಹೈಟ್’ ಎಂದು ಬರೆಯುವ ಚಟದಿಂದ. ನನ್ನ ಹಳೆಯ ಜಗಳ ಇದೇ. ಇಂಗ್ಲಿಷಿನಲ್ಲಿ ಪರದೆಗೆ ಅಚ್ಚುಕಟ್ಟಾಗಿ ಕೂರಿಸಿ, ಅದೇ ಅಳತೆಗೆ ಕನ್ನಡ, ತೆಲುಗು, ತಮಿಳನ್ನು ತುರುಕುತ್ತಾರೆ. ಈ ಊರಿಗೆ ಎಲ್ಲವೂ ಬೇಕು. ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ. ‘ರಾಷ್ಟ್ರ’ದ ಒತ್ತುಗಳಿಗೆ ಜಾಗ ಕೊಡದಿದ್ದರೆ ಅವು ಕೆಳಗಿನ ಸಾಲಿನ ನೆತ್ತಿಗೆ ತಾಗುತ್ತವೆ. ಇಂಗ್ಲಿಷಿಗೆ ಸಾಲಿನ ಎತ್ತರ 1.2 ಸಾಕೆನ್ನುವವರಿದ್ದಾರೆ, ಕನ್ನಡಕ್ಕೆ ನಾನು 1.7ಕ್ಕಿಂತ ಕೆಳಗೆ ಇಳಿಯುವುದಿಲ್ಲ. 20 ಪಿಕ್ಸೆಲ್ ಅಕ್ಷರದ ಹತ್ತು ಸಾಲಿಗೆ ಅವರ ಲೆಕ್ಕ 240 ಪಿಕ್ಸೆಲ್, ನಮ್ಮದು 340. ಆ ಹೆಚ್ಚಿನ ನೂರು ಎಲ್ಲಿಂದ ಬರಬೇಕು? ‘ಓವರ್‌ಫ್ಲೋ ಹಿಡನ್’ ಎಂದು ಬರೆದು ಕತ್ತರಿಸಿದ್ದರೆ ಕನ್ನಡದ ಕೊನೆಯ ಸಾಲುಗಳೇ ಹೋದಂತೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ನಮಗೆ ಸಿಕ್ಕ ಫಾಂಟಿನ ಹೆಸರು ತುಂಗಾ, ತೆಲುಗಿನವರಿಗೆ ಗೌತಮಿ. ಹೊಳೆಗಳ ಹೆಸರೇನೋ ಇಟ್ಟರು, ಹರಿಯಲು ಜಾಗ ಬಿಡಲಿಲ್ಲ.

‘ಮಿನ್-ಹೈಟ್’ ಎಂದು ಬರೆಯಿರಿ. ವಿಭಾಗ ಪರದೆಯಷ್ಟಾದರೂ ಇರಲಿ, ಮಾತು ಹೆಚ್ಚಾದರೆ ಬೆಳೆಯಲಿ.

ಜಾನ್ ಆಲ್‌ಸಾಪ್ 2000ದ ಏಪ್ರಿಲ್‌ನಲ್ಲಿ ‘ಎ ಲಿಸ್ಟ್ ಅಪಾರ್ಟ್’ ವೆಬ್ ಪತ್ರಿಕೆಗೆ ಬರೆದ ‘ಎ ದಾವೊ ಆಫ್ ವೆಬ್ ಡಿಸೈನ್’ ಲೇಖನವನ್ನು ನಾನು ಆಗಾಗ ತೆಗೆದು ಓದುತ್ತೇನೆ. ಚೀನಾದ ತಾವೊ ಗ್ರಂಥವನ್ನು ಪಕ್ಕದಲ್ಲಿಟ್ಟುಕೊಂಡು ಆತ ವಾದಿಸುವುದಿಷ್ಟು: ಮುದ್ರಣದಲ್ಲಿ ಪುಟದ ಮೇಲೆ ಹಿಡಿತವಿತ್ತು, ಅದು ಕಾಗದದ ಮಿತಿಯಿಂದ ಹುಟ್ಟಿದ್ದು, ವೆಬ್‌ನಲ್ಲಿ ಅದಿಲ್ಲವೆಂದು ಕೊರಗಬೇಡಿ, ಬಗ್ಗುವುದೇ ಇದರ ಗುಣ, ಓದುವವರ ಅನುಕೂಲಕ್ಕೆ ಬಗ್ಗಲು ಬಿಡಿ. ಹತ್ತು ವರ್ಷದ ನಂತರ, 2010ರ ಮೇನಲ್ಲಿ, ಅದೇ ಪತ್ರಿಕೆಯಲ್ಲಿ ಈಥನ್ ಮಾರ್ಕಾಟ್ ಆಲ್‌ಸಾಪ್‌ರನ್ನು ನೆನೆದು ‘ರೆಸ್ಪಾನ್ಸಿವ್’ ವಿನ್ಯಾಸವನ್ನು ಮುಂದಿಟ್ಟರು. ಜನ ಅಗಲಕ್ಕೆ ಅದನ್ನು ಒಪ್ಪಿ, ಎತ್ತರ ಬಂದಾಗ ಮತ್ತೆ ಪೋಸ್ಟರ್ ಬರೆಯಲು ಕೂತರು.

ಇನ್ನೊಂದು: ಕಣ್ಣು ಮಂದವಾದ ಹಿರಿಯರು ಕಂಪ್ಯೂಟರಿನಲ್ಲಿ ಜೂಮನ್ನು ಶೇಕಡಾ 200 ಮಾಡಿದರೆ 900ರ ವಿಂಡೊ ಪುಟದ ಲೆಕ್ಕಕ್ಕೆ 450 ಆಗುತ್ತದೆ. ಫೋನನ್ನು ಅಡ್ಡ ಹಿಡಿದರೂ ಇದೇ ಕಥೆ. ಅದಕ್ಕೇ ನಾನು ಮೀಡಿಯಾ ಕ್ವೆರಿ ಹಾಕಿ, ಎತ್ತರ 600 ದಾಟಿದರೆ ಮಾತ್ರ ಪೂರ್ಣ ಪರದೆ, ಸ್ನ್ಯಾಪ್ ಎಲ್ಲ ಕೊಡುತ್ತೇನೆ. ಅದರ ಕೆಳಗೆ ಪುಟ ಸಾದಾ ಪುಟ.

ಆದೋನಿಯ ಹುಡುಗನೊಬ್ಬ ತಕರಾರೆತ್ತಿದ: “ಸಾರ್, ಪಾರ್ಟಿಗೆ ಪರದೆ ತುಂಬ ಫೋಟೊನೇ ಬೇಕಂತೆ.” ಬೇಡ ಅಂದವರ್ಯಾರಪ್ಪ? ಫೋಟೊ ಹಿಂದೆ ಹಾಕು, ‘ಕವರ್’ ಅನ್ನು, ಬೇಕಾದಷ್ಟು ಹಿಗ್ಗಲಿ. ರೂಮಿನ ಬಟನ್ನನ್ನು ಮಾತ್ರ ಶೀರ್ಷಿಕೆಯ ಪಕ್ಕಕ್ಕೆ ತಾ.